ಸಂಪಂಗಿ ಕೆರೆಯಂಗಳದ ಕಂಠೀರವ

ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಪಕ್ಕದ ಬಡಾವಣೆ ಸಂಪಂಗಿರಾಮನಗರ. ಆ ಹೆಸರಿನಲ್ಲೇ ಒಂದು ಕೆರೆಯ ನೆನಪಿದೆ. ಈಗ ಓಟಗಾರರು ಸುತ್ತು ಹಾಕುವ ಜಾಗದಲ್ಲಿ ಒಂದು ಕಾಲಕ್ಕೆ ಸಂಪಂಗಿ ಕೆರೆಯ ನೀರಿತ್ತು. ಒಂದು ಕಡೆ ಪೇಟೆ, ಇನ್ನೊಂದು ಕಡೆ ಬ್ರಿಟಿಷ್ ಸೇನೆಯ ಕಂಟೋನ್ಮೆಂಟು, ನಡುವೆ ಕೆರೆ.

ಈ ಜಾಗ ಯಾರಿಗೆ ಸೇರಬೇಕು ಅನ್ನುವ ಜಗಳ ಇಂದು ನಿನ್ನೆಯದಲ್ಲ. 19ನೇ ಶತಮಾನದ ಕೊನೆಯಲ್ಲಿ ಪೋಲೊ ಆಡುವವರಿಗೆ ಕೆರೆಯಂಗಳ ಒಣಗಿರಬೇಕಿತ್ತು. ಇಟ್ಟಿಗೆ ಸುಡುವವರಿಗೆ ಅದರ ಮಣ್ಣು ಬೇಕಿತ್ತು. ಸುತ್ತ ತೋಟ ಮಾಡಿಕೊಂಡಿದ್ದ ತಿಗಳ ಸಮುದಾಯದವರಿಗೆ ಮಾತ್ರ ಕೆರೆ ತುಂಬಿರಬೇಕು. ಗೆದ್ದವರು ಯಾರು ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ? 1890ರ ದಶಕದಲ್ಲಿ ಹೆಸರಘಟ್ಟದಿಂದ ಊರಿಗೆ ಕೊಳಾಯಿ ನೀರು ಬಂತು. ಮನೆ ಹತ್ತಿರವೇ ನಲ್ಲಿ ಇದ್ದಮೇಲೆ ಕೆರೆಯ ಗೊಡವೆ ಯಾರಿಗೂ ಬೇಡವಾಯಿತು. ಮುಂದಿನ ಕೆಲವು ದಶಕಗಳಲ್ಲಿ ನೀರು ಹೋಗಿ ಬಯಲು ಉಳಿಯಿತು.

ಬಯಲು ಕ್ರೀಡಾಂಗಣವಾದಾಗ ಸಿಕ್ಕಿದ್ದು ಮೈಸೂರಿನ ಅರಸ ರಣಧೀರ ಕಂಠೀರವ ನರಸರಾಜ ಒಡೆಯರ ಹೆಸರು. ಕುಸ್ತಿಗೆ ಹೆಸರಾದ ದೊರೆ, ಹಾಗಾಗಿ ಒಪ್ಪುತ್ತದೆ. 1997ರ ರಾಷ್ಟ್ರೀಯ ಕ್ರೀಡಾಕೂಟದ ಹೊತ್ತಿಗೆ ಅದು ಇಂದಿನ ರೂಪಕ್ಕೆ ಬಂತು. ಸುತ್ತ ಸಿಂಥೆಟಿಕ್ ಟ್ರ್ಯಾಕು, ನಡುವೆ ಹುಲ್ಲು.

ಆ ಹುಲ್ಲಿಗಾಗಿಯೇ ಮತ್ತೆ ಜಗಳ ಹತ್ತಿತು. ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ ಇಲ್ಲಿಗೆ ಬಂದಮೇಲೆ ಗ್ಯಾಲರಿ ತುಂಬತೊಡಗಿತು. 2016ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್‌ಗೆ ಹೋಗಿದ್ದು ಇದೇ ಅಂಗಳದಿಂದ. ಆದರೆ ಜಾವೆಲಿನ್, ಹ್ಯಾಮರ್ ಎಸೆಯುವವರಿಗೂ ಬೇಕಾಗಿದ್ದು ಅದೇ ಹುಲ್ಲು. ಹ್ಯಾಮರ್ ಬಿದ್ದರೆ ಹುಲ್ಲು ಕಿತ್ತು ಗುಂಡಿಯಾಗುತ್ತದೆ. ಪಂದ್ಯದ ದಿನ ಅಭ್ಯಾಸಕ್ಕೆ ಜಾಗವಿಲ್ಲ. ಇಬ್ಬರ ಮಾತೂ ಸುಳ್ಳಲ್ಲ. ವಿಷಯ ಹೈಕೋರ್ಟಿನವರೆಗೂ ಹೋಯಿತು. ನನಗೆ ಕೇಳಿದರೆ, ಇಷ್ಟು ದೊಡ್ಡ ಊರು ಎರಡು ಆಟಕ್ಕೆ ಒಂದೇ ಅಂಗಳ ಕೊಟ್ಟಿದ್ದೇ ತಪ್ಪು.

ಇನ್ನು ಆಟವೇ ಅಲ್ಲದ ಕೆಲಸಗಳು. 2013 ಮತ್ತು 2023ರಲ್ಲಿ ಸಿದ್ದರಾಮಯ್ಯ ಪ್ರಮಾಣವಚನ ತೆಗೆದುಕೊಂಡಿದ್ದು ಇಲ್ಲೇ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ತೀರಿಕೊಂಡಾಗ ಜನ ಕೊನೆಯ ಸಲ ನೋಡಲು ಬಂದಿದ್ದೂ ಇಲ್ಲಿಗೇ. ಇಬ್ಬರ ಸಮಾಧಿ ಇರುವುದು ಕಂಠೀರವ ಸ್ಟುಡಿಯೋದಲ್ಲಿ. ಹೆಸರು ಒಂದೇ, ಜಾಗ ಬೇರೆ. ಹೊರಗಿನವರು ಇಲ್ಲಿ ಎಡವುವುದು ಜಾಸ್ತಿ.

ಕೆರೆ ಪೂರ್ತಿ ಹೋಗಿಲ್ಲ. ಕ್ರೀಡಾಂಗಣದ ಮಗ್ಗುಲಲ್ಲೇ ಒಂದು ಪುಟ್ಟ ಕೊಳವಾಗಿ ಉಳಿದಿದೆ. ಕರಗದ ಸಮಯದಲ್ಲಿ ಅಲ್ಲಿ ಪೂಜೆ ನಡೆಯುತ್ತದೆ. ನಡೆಸುವವರು ಅದೇ ತಿಗಳ ಸಮುದಾಯದವರು.