ಬೋಳುಕಾಳಿನಲ್ಲಿ ಎಡವಿದ ವೈದ್ಯ

ಕರಿಮೆಣಸಿಗೆ ಒಂದು ಬಳ್ಳಿ, ಬಿಳಿಮೆಣಸಿಗೆ ಇನ್ನೊಂದು. ಕಪ್ಪು ದ್ರಾಕ್ಷಿ, ಬಿಳಿ ದ್ರಾಕ್ಷಿ ಇದ್ದ ಹಾಗೆ ಎಂದು ಹದಿನಾರನೇ ಶತಮಾನದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಬರೆದುಬಿಟ್ಟ. ಬದಿಯಡ್ಕದ ಕಡೆ ಯಾವ ತೋಟದವರಿಗೆ ಹೇಳಿದರೂ ನಕ್ಕಾರು. ಹಣ್ಣಾಗಿ ಕೆಂಪೇರಿದ ಮೆಣಸನ್ನು ಕೊಯ್ದು, ಗೋಣಿಯಲ್ಲಿ ಕಟ್ಟಿ ಕೆಲವು ದಿನ ನೀರಲ್ಲಿ ಮುಳುಗಿಸಿ, ಕೊಳೆತ ಸಿಪ್ಪೆಯನ್ನು ತಿಕ್ಕಿ ತೊಳೆದರೆ ಬೋಳುಕಾಳು. ಅದೇ ಬಳ್ಳಿಯದ್ದನ್ನು ಹಸಿರಿರುವಾಗಲೇ ಕೊಯ್ದು ಅಂಗಳದಲ್ಲಿ ಹರಡಿದರೆ ಕರಿಮೆಣಸು. ಸಿಪ್ಪೆಯಲ್ಲಿರುವ ಫೀನಾಲ್‌ಗಳು ಕಿಣ್ವದ ನೆರವಿನಿಂದ ಆಮ್ಲಜನಕದೊಡನೆ ಕೂಡಿ ಕಪ್ಪಾಗುತ್ತವೆ. ಹೆಚ್ಚಿಟ್ಟ ಬದನೆ ಕಪ್ಪಾಗುವುದೂ ಹೀಗೆಯೇ.

ಆದರೂ ಈ ಮನುಷ್ಯನ ಮೇಲೆ ನನಗೆ ಮೋಹ. ಪೋರ್ಚುಗಲ್ಲಿನ ಕಾಸ್ತೆಲೊ ದೆ ವೀದೆ ಎಂಬ ಊರಲ್ಲಿ ಹುಟ್ಟಿದವನು. ಹೆತ್ತವರು 1492ರಲ್ಲಿ ಸ್ಪೇನಿನಿಂದ ಹೊರದಬ್ಬಿಸಿಕೊಂಡ ಯಹೂದಿಗಳು. ಐದು ವರ್ಷ ಕಳೆಯುವಷ್ಟರಲ್ಲಿ ಪೋರ್ಚುಗಲ್ಲಿನಲ್ಲೂ ಯಹೂದಿಗಳಿಗೆ ಬಲವಂತದ ಮತಾಂತರ. ಸಾಲಮಾಂಕಾ, ಅಲ್ಕಲಾಗಳಲ್ಲಿ ಓದಿ, ಲಿಸ್ಬನ್ನಿನಲ್ಲಿ ಪಾಠ ಹೇಳಿ, 1534ರಲ್ಲಿ ಹಡಗು ಹತ್ತಿ ಗೋವೆಗೆ ಬಂದ. ಮತ್ತೆ ಊರಿಗೆ ಹೋಗಲೇ ಇಲ್ಲ. ಅಹ್ಮದ್‌ನಗರದ ನಿಜಾಮಶಾಹನಿಗೂ ಮದ್ದು ಕೊಟ್ಟ.

ಈ ನಾಡಿನ ಗಿಡಮದ್ದುಗಳ ಬಗ್ಗೆ ಅವನು ಬರೆದು, 1563ರಲ್ಲಿ ಗೋವೆಯಲ್ಲೇ ಅಚ್ಚಾದ ಪುಸ್ತಕ ಪೂರ್ತಿ ಮಾತುಕತೆಯ ರೂಪದಲ್ಲಿದೆ. ಸ್ಪೇನಿನಿಂದ ಬಂದ ರುವಾನೊ ಎಂಬ ಕಲ್ಪಿತ ವೈದ್ಯ ಹಳೆಯ ಗ್ರಂಥಗಳನ್ನು ಒಪ್ಪಿಸುತ್ತಾನೆ, ಓರ್ತಾ ಕಣ್ಣಾರೆ ಕಂಡದ್ದನ್ನು ಮುಂದಿಡುತ್ತಾನೆ. ಗಿಡ ಬೇಕಾದಾಗ ತಂದುಕೊಡುವವಳು ಮನೆಯ ದಾಸಿ ಆಂಟೋನಿಯಾ. ಸ್ಪೇನಿನಲ್ಲಿದ್ದಿದ್ದರೆ ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ನನ ವಿರುದ್ಧ ಬಾಯಿ ಬಿಡುವ ಧೈರ್ಯ ನನಗಿರುತ್ತಿರಲಿಲ್ಲ ಎಂದು ತಾನೇ ಒಪ್ಪಿಕೊಳ್ಳುತ್ತಾನೆ. ಹಿಪ್ಪಲಿಯೂ ಕಾಳುಮೆಣಸೂ ಒಂದೇ ಗಿಡದ್ದು ಎಂಬ ಗ್ರೀಕರ ನಂಬಿಕೆಯನ್ನು ತಳ್ಳಿಹಾಕಿದ್ದು ಇದೇ ಧೈರ್ಯದಲ್ಲಿ. ಬಿಳಿಮೆಣಸಿನ ವಿಷಯದಲ್ಲಿ ಮಾತ್ರ ಕೈಕೊಟ್ಟಿತು.

ರೋಗಿಯ ಪಕ್ಕ ಕೂತು ಕಲಿತದ್ದರಲ್ಲಿ ಅವನ ಕಣ್ಣು ಚುರುಕು. ರಕ್ತಭೇದಿ ನಿಲ್ಲಿಸುವ 'ಮಲಬಾರಿನ ಗಿಡ'ಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಅಲ್ಲಿಯವರು ಹೇಳುವ ಹೆಸರನ್ನು 'ಕುರೊಡಪಾಲ' ಎಂದು ಬರೆದುಕೊಂಡ. ಮಲಯಾಳದ ಕುಡಕಪ್ಪಾಲ, ನಮ್ಮ ಕೊಡಸಿಗೆ, ಎಂದು ಹಲವರು ಗುರುತಿಸಿದ್ದಾರೆ. ಗುಡ್ಡೆಯಲ್ಲಿ ಬೆಳ್ಳಗೆ ಅರಳುವ, ಹೂವನ್ನು ನಾವು ತಂಬುಳಿ ಮಾಡಿ ಉಣ್ಣುವ ಅದೇ ಕೊಡಸಿಗೆ. ತೊಗಟೆಯಲ್ಲಿರುವ ಕೋನೆಸಿನ್ ಎಂಬ ಆಲ್ಕಲಾಯ್ಡ್ ಭೇದಿಗೆ ಕಾರಣವಾಗುವ ಅಮೀಬಾವನ್ನು ಕೊಲ್ಲಬಲ್ಲದು ಎಂದು ಆಮೇಲೆ ತಿಳಿಯಿತು. ನರಮಂಡಲಕ್ಕೂ ಅದು ತೊಂದರೆ ಕೊಡುವುದರಿಂದ ತೊಗಟೆ ಕುದಿಸಿ ಕುಡಿಯುವ ಉಮೇದು ಬೇಡ, ತಂಬುಳಿ ಸಾಕು.

ಕಾಲರಾದ ಬಗ್ಗೆ ಅವನು ಬರೆದದ್ದನ್ನು ಓದಿದರೆ ಇಂದಿಗೂ ಮೈ ನಡುಗುತ್ತದೆ. ಗೋವೆಯಲ್ಲಿ ಆ ರೋಗವನ್ನು ಮೋಡಶಿ ಅನ್ನುತ್ತಿದ್ದರು. ಪೋರ್ಚುಗೀಸರ ಬಾಯಲ್ಲಿ ಅದು 'ಮೊರ್ದೆಶಿ' ಆಯಿತು, ಫ್ರೆಂಚರಲ್ಲಿ ಕೊನೆಗೆ 'ಮೋರ್ ದ ಶಿಯಾಂ'. ಅಂದರೆ ನಾಯಿ ಸಾವು! ರೋಗಕ್ಕೆ ಹೊಂದುವ ಹೆಸರೇ, ಆದರೆ ಹುಟ್ಟಿದ್ದು ಕಿವಿಯ ತಪ್ಪಿನಿಂದ.

ಪುನರ್ಪುಳಿಯ ಬಗ್ಗೆಯೂ ಬರೆದಿದ್ದಾನೆ: ಗೋವೆಯ ಬಿರಂಡ, ಅದರ ಹುಳಿ ಸಿಪ್ಪೆ. ಅದರ ಕುಲನಾಮ ಗಾರ್ಸೀನಿಯಾ ನೋಡಿ, ಗಾರ್ಸಿಯಾನದೇ ಹೆಸರು ಎಂದು ನಾನೂ ಬಹಳ ಕಾಲ ನಂಬಿದ್ದೆ. ಅಲ್ಲ. ಅದು ಲೋರಾಂ ಗಾರ್ಸಾಂ ಎಂಬ ಇನ್ನೊಬ್ಬ ವೈದ್ಯನದ್ದು. ಅವನೂ ಮತದ ಕಾರಣಕ್ಕೆ ಫ್ರಾನ್ಸ್ ಬಿಟ್ಟ ಕುಟುಂಬದವನೇ.

ಓರ್ತಾನ ಪುಸ್ತಕದ ಒಂದು ಪ್ರತಿ ಲಿಸ್ಬನ್ನಿನಲ್ಲಿ ಕ್ಲೂಸಿಯಸ್ ಎಂಬ ಸಸ್ಯವಿಜ್ಞಾನಿಯ ಕೈಗೆ ಸಿಕ್ಕಿ, 1567ರಲ್ಲಿ ಲ್ಯಾಟಿನ್ ಸಾರವಾಗಿ ಆಂಟ್‌ವರ್ಪಿನಿಂದ ಹೊರಬಂತು. ಮರುವರ್ಷ ಓರ್ತಾ ಗೋವೆಯಲ್ಲಿ ತೀರಿಕೊಂಡ. 1569ರಲ್ಲಿ ಇನ್‌ಕ್ವಿಸಿಷನ್ನಿನವರು, ಅಂದರೆ ಮತದ್ರೋಹ ವಿಚಾರಿಸುವ ಚರ್ಚಿನ ನ್ಯಾಯಮಂಡಳಿಯವರು, ಅವನ ತಂಗಿ ಕತರೀನಾಳನ್ನು, ಗುಟ್ಟಾಗಿ ಯಹೂದಿ ಧರ್ಮ ಪಾಲಿಸಿದಳೆಂದು, ಜೀವಂತ ಸುಟ್ಟರು. 1580ರಲ್ಲಿ ಗೋರಿ ಅಗೆದು ಓರ್ತಾನ ಮೂಳೆಗಳನ್ನೂ ಸುಟ್ಟರು.