ಡಾರ್ಕ್ ಗ್ರೇ ನಂಬರ್ ಹಿಡಿದು ಇನ್ನೊಂದು ಕಂಪನಿಗೆ ಹೋಗುವ ಮೊದಲು

ಹಳದಿ, ಹಸಿರು, ಕಾವಿ ಸ್ವಲ್ಪ ಆಚೀಚೆ ಆದರೂ ಕಣ್ಣು ಅಷ್ಟು ತಕರಾರು ಮಾಡುವುದಿಲ್ಲ. ಡಾರ್ಕ್ ಗ್ರೇ ಹಾಗಲ್ಲ. ನೀಲಿ ಒಂದು ಹನಿ ಜಾಸ್ತಿಯಾಗಲಿ, ಕೆಂಪು ಒಂದು ಹನಿ ಕಡಿಮೆಯಾಗಲಿ, ಪಕ್ಕದಲ್ಲಿ ಹಳೆಯ ಬಣ್ಣ ಇದ್ದರೆ ವ್ಯತ್ಯಾಸ ತಕ್ಷಣ ಎದ್ದು ಕಾಣುತ್ತದೆ. ಆದರೂ ಹುಬ್ಬಳ್ಳಿಯ ನಮ್ಮ ಬಣ್ಣದ ಅಂಗಡಿಗೆ ಬರುವವರು ಮೊಬೈಲಿನಲ್ಲಿ ಶೇಡ್ ನಂಬರ್, ಅಂದರೆ ಬಣ್ಣಕ್ಕೆ ಕಂಪನಿ ಕೊಟ್ಟ ನಂಬರ್, ಮುಂದೆ ಹಿಡಿದು ಕೇಳುವುದು ಇದನ್ನೇ. "ಅಣ್ಣಾರ, ಈ ನಂಬರ್ ಆ ಕಂಪನೀದ್ರಿ. ಅದು ಭಾಳ ತುಟ್ಟಿ ಬೀಳ್ತೈತಿ. ಇದನ್ನ ನಿಮ್ಮ ಕಡೆ ಇದ್ದ ಕಂಪನಿಯೊಳಗ ಮಾಡಿಕೊಡ್ರಿ." ವಿಚಾರಿಸಿದರೆ ಅರ್ಧ ಗೋಡೆ ಆಗಲೇ ಮುಗಿದಿರುತ್ತದೆ.

ಮಾಡಿಕೊಡಬಹುದು. ಬಣ್ಣ ಅಳೆದು ಹಾಕುವ ಈಗಿನ ಟಿಂಟಿಂಗ್ ಮಶೀನಿನ ಸಾಫ್ಟ್‌ವೇರ್‌ನಲ್ಲಿ ಬೇರೆ ಕಂಪನಿಗಳ ಶೇಡ್‌ಗಳೂ ಎಷ್ಟೋ ಕಡೆ ಇರುತ್ತವೆ. ನಂಬರ್ ಹಾಕಿದರೆ ಡಬ್ಬಿಯೊಳಗೆ ಬಣ್ಣ ಬೀಳುತ್ತದೆ, ಮುಚ್ಚಳದ ಮೇಲೆ ಸ್ಟಿಕರ್ ಕೂಡ ಬರುತ್ತದೆ. ಸ್ಟಿಕರ್ ನೋಡಿದ ಮೇಲೆ ಗಿರಾಕಿಗೆ ಸಂಶಯವೇ ಉಳಿಯುವುದಿಲ್ಲ. ತೊಂದರೆ ಶುರುವಾಗುವುದು ಇಲ್ಲಿಯೇ. ಮಶೀನು ಕೊಟ್ಟಿದ್ದು ತನ್ನ ಹತ್ತಿರ ಇದ್ದ ಸಾಮಾನಿನಲ್ಲಿ ಆ ಶೇಡಿಗೆ ಹತ್ತಿರವಾದ ಒಂದು ಬಣ್ಣ. ಹತ್ತಿರ ಅಂದರೆ ಹತ್ತಿರ, ಅಷ್ಟೇ.

ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ವರ್ಕ್‌ಶಾಪ್ ಇಟ್ಟುಕೊಂಡಿರುವ ಹಳೆಯ ಗಿರಾಕಿಯೊಬ್ಬರು ಇದನ್ನು ಒಪ್ಪಲು ತಯಾರಿರಲಿಲ್ಲ. ಅವರ ವಾದದಲ್ಲಿ ಹುರುಳಿತ್ತು. ಎಲೆಕ್ಟ್ರಿಕ್ ಪ್ಯಾನೆಲ್‌ಗಳಿಗೆ ಅವರು 632 ನಂಬರಿನ ಡಾರ್ಕ್ ಅಡ್ಮಿರಾಲ್ಟಿ ಗ್ರೇ ಹೊಡೆಸುತ್ತಾರೆ. "ಯಾವ ಕಂಪನೀದ ತಂದ್ರೂ ಹೊಂದತೈತಿ. ಮನಿ ಗ್ವಾಡಿಗೆ ಯಾಕ ಹೊಂದಂಗಿಲ್ಲ?" ಅಂದರು. ಒಳ್ಳೆಯ ಪ್ರಶ್ನೆ. 632 ಯಾವ ಕಂಪನಿಯ ಆಸ್ತಿಯೂ ಅಲ್ಲ. ಅದು ಐಎಸ್ 5 ಅನ್ನುವ ಭಾರತೀಯ ಮಾನಕದ ನಂಬರ್. ಬಣ್ಣ ಹೀಗೇ ಇರಬೇಕು ಅಂತ ಮಾದರಿ ಮೊದಲೇ ಗೊತ್ತು ಮಾಡಿದ್ದಾರೆ, ಎಲ್ಲ ಕಂಪನಿಯವರೂ ಅದಕ್ಕೆ ಹೊಂದಿಸಿ ಮಾಡುತ್ತಾರೆ. ಕಿಟಕಿಯ ಅಲ್ಯುಮಿನಿಯಂ ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡುವವರು ಹೇಳುವ ರಾಲ್ 7016 ಅನ್ನುವ ಡಾರ್ಕ್ ಗ್ರೇ ಕೂಡ ಅಂಥದ್ದೇ. ರಾಲ್ ಪಟ್ಟಿ ಜರ್ಮನಿಯಲ್ಲಿ 1927ರಲ್ಲಿ 40 ಬಣ್ಣಗಳಿಂದ ಶುರುವಾದದ್ದು. ಇವು ಎಲ್ಲರಿಗೂ ಸೇರಿದ ನಂಬರ್‌ಗಳು.

ಮನೆಯ ಎಮಲ್ಷನ್ನಿನ ಶೇಡ್ ಕಾರ್ಡ್‌ನಲ್ಲಿ ಇರುವ ನಂಬರ್ ಆ ಕಂಪನಿಯ ಒಳಗಿನ ಲೆಕ್ಕ. ಇಷ್ಟು ಬೇಸ್‌ಗೆ (ಬಣ್ಣ ಬೆರೆಸುವ ಮೊದಲಿನ ಮೂಲ ಪೇಂಟ್) ಇಷ್ಟು ಕಪ್ಪು, ಇಷ್ಟು ಹಳದಿ ಆಕ್ಸೈಡ್, ಇಷ್ಟು ಕೆಂಪು ಆಕ್ಸೈಡ್ ಅನ್ನುವ ಲೆಕ್ಕ ಅದು. ನೀವು ಒಂದು ಚಮಚ ಮಸಾಲಿ ಖಾರ ಹಾಕುವ ಅಡುಗೆಗೆ ನಾನೂ ನಮ್ಮ ಮನೆಯ ಮಸಾಲಿ ಖಾರ ಒಂದೇ ಚಮಚ ಹಾಕುತ್ತೇನೆ ಅಂದುಕೊಳ್ಳಿ. ಚಮಚ ಒಂದೇ, ರುಚಿ ಬೇರೆ. ಒಂದು ಕಂಪನಿಯ ಕಪ್ಪು ಕಲರಂಟ್, ಅಂದರೆ ಬೇಸ್‌ಗೆ ಬೆರೆಸುವ ಬಣ್ಣ, ಗಟ್ಟಿ ಇರುತ್ತದೆ, ಇನ್ನೊಂದರದ್ದು ತೆಳು. ಒಬ್ಬರ ಬೇಸ್‌ನಲ್ಲಿ ಬಿಳಿ ಜಾಸ್ತಿ, ಇನ್ನೊಬ್ಬರದ್ದರಲ್ಲಿ ಕಡಿಮೆ. ಸಾಫ್ಟ್‌ವೇರ್ ಇದನ್ನೆಲ್ಲ ಸರಿದೂಗಿಸಲು ನೋಡುತ್ತದೆ. ತಿಳಿ ಬಣ್ಣಗಳಲ್ಲಿ ಎಷ್ಟೋ ಸಲ ಸರಿಹೋಗುತ್ತದೆ. ಗಾಢ ಗ್ರೇ ಬಂದಾಗಲೇ ನಾನು ಖಾತ್ರಿ ಕೊಡುವುದಿಲ್ಲ.

ಇದನ್ನು ಬಾಯಿಂದ ಹೇಳಿದರೆ ಯಾರೂ ನಂಬುವುದಿಲ್ಲ. ಹಾಗಾಗಿ ಕೌಂಟರ್ ಮೇಲೆಯೇ ತೋರಿಸುತ್ತೇನೆ. ಎರಡು ಕಂಪನಿಯ, ಒಂದೇ ಅಂತ ಹೇಳುವ ಡಾರ್ಕ್ ಗ್ರೇ ತೆಗೆದುಕೊಳ್ಳುತ್ತೇನೆ. ಡಬ್ಬಿಯಲ್ಲಿ ನೋಡಿದರೆ ಎರಡೂ ಒಂದೇ, ನನಗೂ ಹಾಗೆಯೇ ಕಾಣುತ್ತವೆ. ಆಮೇಲೆ ಎರಡು ಬಟ್ಟಲಲ್ಲಿ ಬಿಳಿ ಎಮಲ್ಷನ್ ಹಾಕಿ, ಒಂದೊಂದಕ್ಕೆ ಒಂದೊಂದು ಚಮಚ ಗ್ರೇ ಬೆರೆಸಿ ಕಲಕುತ್ತೇನೆ. ಎಷ್ಟೋ ಸಲ ಒಂದು ಬಟ್ಟಲು ನೀಲಿಗೆ ವಾಲುತ್ತದೆ, ಇನ್ನೊಂದು ಮಣ್ಣಿನ ಕಂದಿಗೆ ವಾಲುತ್ತದೆ. ಕಪ್ಪಿನೊಳಗೆ ಅಡಗಿದ್ದ ಬಣ್ಣ ಬಿಳಿಯ ಜೊತೆ ಸೇರಿದಾಗ ಹೊರಗೆ ಬರುತ್ತದೆ. ವರ್ಕ್‌ಶಾಪಿನವರು ಎರಡೂ ಬಟ್ಟಲು ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ ಬಿಸಿಲಿಗೆ ಹಿಡಿದು ನೋಡಿದರು. "ಇದು ಮೊದಲ ಗೊತ್ತಿದ್ರ ಇನ್ನೊಂದು ಬಕೆಟ್ ಆಗಲೇ ಒಯ್ತಿದ್ದೆ" ಅಂದರು. ಕೆಲಸಕ್ಕೆ ಬಂದ ಮಾತು ಅದು. ಒಂದು ಗೋಡೆಗೆ ಎಷ್ಟು ಬೇಕೋ ಅಷ್ಟು ಬಣ್ಣ ಒಂದೇ ಸಲ ತನ್ನಿ. ಎಲ್ಲ ಬಕೆಟ್‌ಗಳನ್ನೂ ಒಂದು ದೊಡ್ಡ ಡ್ರಮ್ಮಿಗೆ ಸುರಿದು ಕಲಕಿಕೊಳ್ಳಿ. ಒಂದೇ ಕಂಪನಿಯ ಒಂದೇ ನಂಬರಿನ 1 ಲೀಟರ್ ಡಬ್ಬಿಗೂ 20 ಲೀಟರ್ ಬಕೆಟ್‌ಗೂ ಒಂದು ಎಳೆ ವ್ಯತ್ಯಾಸ ಬರಬಹುದು. ಸಣ್ಣ ಡಬ್ಬಿಗೆ ಬೀಳುವ ಕಲರಂಟೇ ಸ್ವಲ್ಪ, ಅದರಲ್ಲಿ ಚೂರು ಹೆಚ್ಚುಕಡಿಮೆಯಾದರೂ ಲೆಕ್ಕಕ್ಕೆ ಬರುತ್ತದೆ.

ಬೆಳಕಿನ ವಿಷಯ ಇನ್ನೂ ಕಠಿಣ. ಧಾರವಾಡದ ಸಪ್ತಾಪುರದಲ್ಲಿ ನಿವೃತ್ತ ಮೇಡಂ ಒಬ್ಬರ ಮನೆ. ಮುಂಭಾಗಕ್ಕೆ ಡಾರ್ಕ್ ಗ್ರೇ ಹೊಡೆಸುತ್ತಿದ್ದರು. ಬಣ್ಣ ಸಾಲದೆ ಮೇಸ್ತ್ರಿ ಬೇರೆ ಕಂಪನಿಯದು ತಂದು ಉಳಿದ ಭಾಗ ಮುಗಿಸಿದ. ಮುಂಜಾನೆ ನೋಡಿದಾಗ ಎಲ್ಲ ಸರಿ. ಮೇಡಂ ಪೂರ್ತಿ ಹಣ ಕೊಟ್ಟು ಚಹಾ ಕುಡಿಸಿ ಕಳಿಸಿದರು. ಸಂಜೆ ಪೋರ್ಚಿನ ಹಳದಿ ಎಲ್‌ಇಡಿ ಹಚ್ಚಿದರೆ ಬಲಗಡೆಯ ಅರ್ಧ ಗೋಡೆ ಬದನೆಕಾಯಿ ಬಣ್ಣ. "ಹಗಲು ಒಂದ ಗೋಡೆ, ರಾತ್ರಿ ಎರಡು ಗೋಡೆ ಆಗೇದ್ರಿ" ಅಂತ ಫೋನಿನಲ್ಲಿ ಬಹಳ ನೊಂದುಕೊಂಡರು. ಹೋಗಿ ನೋಡಿದೆ. ಅವರು ಹೇಳಿದ್ದು ನಿಜವೇ ಇತ್ತು. ಎರಡು ಬಣ್ಣ ಬೇರೆ ಬೇರೆ ಪಿಗ್ಮೆಂಟಿನಿಂದ (ಬಣ್ಣ ಕೊಡುವ ಪುಡಿ) ಮಾಡಿದ್ದರೆ ಒಂದು ಬೆಳಕಿನಲ್ಲಿ ಹೊಂದಿ ಇನ್ನೊಂದರಲ್ಲಿ ಬೇರೆಯಾಗಿ ಕಾಣಬಹುದು. ಒಬ್ಬರು ಕಪ್ಪಿಗೆ ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್ ಸೇರಿಸಿರುತ್ತಾರೆ. ಇನ್ನೊಬ್ಬರು ಕಪ್ಪಿನ ಜೊತೆ ನೀಲಿ, ವೈಲೆಟ್ ಹಾಕಿರುತ್ತಾರೆ. ಇದು ಯಾರದೋ ಮೋಸ ಅಲ್ಲ, ಮೇಸ್ತ್ರಿಯನ್ನು ಬೈದು ಪ್ರಯೋಜನವೂ ಇಲ್ಲ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ಒಪ್ಪಿಕೊಂಡರೆ ಹೀಗಾಗುತ್ತದೆ. ಅಂಗೈ ಅಗಲದ ಪಟ್ಟಿಯ ಮೇಲೆ ಎರಡು ಕೋಟ್ ಹಚ್ಚಿ, ಪೂರ್ತಿ ಒಣಗಿಸಿ, ಅದನ್ನು ಗೋಡೆಗೆ ತಾಗಿಸಿಯೇ ಹಿಡಿದು ಹಗಲೂ ನೋಡಿ, ರಾತ್ರಿ ನಿಮ್ಮ ಮನೆಯ ದೀಪದಲ್ಲೂ ನೋಡಿ. ಹಸಿ ಬಣ್ಣ ನೋಡಿ ತೀರ್ಮಾನ ಮಾಡಲೇಬೇಡಿ. ಎಮಲ್ಷನ್ ಒಣಗಿದ ಮೇಲೆ ಸಾಮಾನ್ಯವಾಗಿ ಗಾಢವಾಗುತ್ತದೆ.

ಇನ್ನು ಹೊಳಪು. ಇದನ್ನು ಕೇಳುವವರೇ ಇಲ್ಲ. ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣ ಬೆಳಕನ್ನು ಎಲ್ಲ ಕಡೆ ಚದುರಿಸುತ್ತದೆ, ಅದಕ್ಕೆ ಸ್ವಲ್ಪ ಮಸುಕಾಗಿ, ತಿಳಿಯಾಗಿ ಕಾಣುತ್ತದೆ. ಅದೇ ನಂಬರ್ ಸ್ವಲ್ಪ ಹೊಳೆಯುವ ಸ್ಯಾಟಿನ್‌ನಲ್ಲೋ ಪೂರ್ತಿ ಹೊಳೆಯುವ ಗ್ಲಾಸಿಯಲ್ಲೋ ಹಚ್ಚಿದರೆ ಗಾಢವಾಗಿ ಕಾಣುತ್ತದೆ. ಗೇಟಿಗೆ ಹೊಳೆಯುವ ಎನಾಮಲ್ ಹಚ್ಚಿ, ಕಂಪೌಂಡಿಗೆ ಮ್ಯಾಟ್ ಎಮಲ್ಷನ್ ಹಚ್ಚಿ "ಹೊಂದಿಲ್ಲ" ಅಂತ ಬರುವವರಿಗೆ ನಾನು ಏನು ಮಾಡಲಿ? ಅಳತೆಯ ಉಪಕರಣ ಇಟ್ಟು ನೋಡಿದರೆ ಬಣ್ಣ ಸರಿಯೇ ಇರಬಹುದು, ಕಣ್ಣು ಮಾತ್ರ ಒಪ್ಪುವುದಿಲ್ಲ.

ಆ ಉಪಕರಣದ ಬಗ್ಗೆ ಒಂದು ಮಾತು. ಸ್ಪೆಕ್ಟ್ರೋಫೋಟೋಮೀಟರ್ ಇರುವ ಅಂಗಡಿಗಳಲ್ಲಿ ಮಾದರಿಯ ಮೇಲಿಟ್ಟು ಓದಿಸುತ್ತಾರೆ. ಎರಡು ಬಣ್ಣಗಳ ನಡುವಿನ ಅಂತರವನ್ನು ಡೆಲ್ಟಾ ಇ ಅಂತ ಲೆಕ್ಕ ಹಾಕುತ್ತಾರೆ. ಅದು 1ರ ಒಳಗೆ ಇದ್ದರೆ ಸಾಮಾನ್ಯ ಕಣ್ಣಿಗೆ ಗೊತ್ತಾಗುವುದು ಕಷ್ಟ. ಆದರೆ ಟೆಕ್ಸ್ಚರ್ ಗೋಡೆಯಿಂದ ಕಿತ್ತ ಉಬ್ಬುತಗ್ಗಿನ ಚೂರು, ಧೂಳು ಮೆತ್ತಿದ ಚೂರು ಕೊಟ್ಟರೆ ಅದು ಓದುವುದೂ ತಪ್ಪಾಗುತ್ತದೆ. ಮೊಬೈಲ್ ಫೋಟೋದಿಂದಂತೂ ಸಾಧ್ಯವೇ ಇಲ್ಲ. ಬೆಂಗಳೂರಿನ ಮಗ ವಾಟ್ಸಾಪಿನಲ್ಲಿ ಫೋಟೋ ಕಳಿಸಿರುತ್ತಾನೆ, ಇಲ್ಲಿ ತಂದೆಯವರು ಅದನ್ನು ದೊಡ್ಡದು ಮಾಡಿ ಮಾಡಿ ತೋರಿಸುತ್ತಾರೆ. ಆ ಹಿರಿಯರ ಮುಖ ನೋಡಿದರೆ ಇಲ್ಲ ಅನ್ನಲು ಮನಸ್ಸಾಗುವುದಿಲ್ಲ. ಆದರೂ ಹೇಳಲೇಬೇಕು. ಕ್ಯಾಮೆರಾ ತನ್ನ ಲೆಕ್ಕದಲ್ಲಿ ಬಣ್ಣ ಬದಲಿಸುತ್ತದೆ, ಪರದೆ ಇನ್ನೊಮ್ಮೆ ಬದಲಿಸುತ್ತದೆ.

ಮೇಸ್ತ್ರಿಗಳು ಕೆಲವರು ಕಪ್ಪು ಸ್ಟೇನರ್ (ಕೈಯಿಂದ ಬೆರೆಸುವ ಗಾಢ ಬಣ್ಣ) ಬಾಟಲಿ ಹಿಡಿದು ಸೈಟಿನಲ್ಲೇ ಹೊಂದಿಸುತ್ತಾರೆ. ಕೈ ಪಳಗಿದವರು ಇದ್ದಾರೆ, ನನಗೆ ಅವರ ಬಗ್ಗೆ ಗೌರವ ಇದೆ. ಆದರೆ ಬಿಳಿಗೆ ಸ್ಟೇನರ್ ಸುರಿದು ಡಾರ್ಕ್ ಗ್ರೇ ಮಾಡಲು ಹೋದರೆ ಅಳತೆ ಮೀರುತ್ತದೆ. ಬಣ್ಣ ಸರಿಯಾಗಿ ಒಣಗುವುದಿಲ್ಲ, ಒರೆಸಿದರೆ ಕೈಗೆ ಹತ್ತುತ್ತದೆ. ಮುಂದಿನ ಬಕೆಟ್ ಅದೇ ಬಣ್ಣ ಬರುವುದಂತೂ ದೂರ.

ಹಾಗಾದರೆ ಕಂಪನಿ ಬದಲಿಸಲೇಬಾರದಾ? ಬದಲಿಸಬಹುದು, ಗೋಡೆ ತಿರುಗುವ ಮೂಲೆಯಲ್ಲಿ. ಎಲಿವೇಶನ್ನಿನಲ್ಲಿ, ಅಂದರೆ ಮನೆಯ ಮುಂಭಾಗದಲ್ಲಿ, ಗ್ರೂವ್ (ಕೊರೆದ ಗೆರೆ) ಹೊಡೆದಿದ್ದರೆ ಆ ಗೆರೆಯಲ್ಲಿ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಒಂದೇ ಕಂಪನಿ, ಒಂದೇ ಪ್ರಾಡಕ್ಟ್, ಒಂದೇ ಹೊಳಪು ಇರಲಿ. ಮೂಲೆ ದಾಟಿದ ಮೇಲೆ ಬೆಳಕು ಬೀಳುವ ರೀತಿಯೇ ಬದಲಾಗುತ್ತದೆ, ಸಣ್ಣ ವ್ಯತ್ಯಾಸ ಅದರೊಳಗೆ ಮುಚ್ಚಿಹೋಗುತ್ತದೆ. ಸಪ್ತಾಪುರದಲ್ಲಿ ಮಾಡಿದ್ದೂ ಇದನ್ನೇ. ಬಲಗಡೆ ಗ್ರೂವ್‌ವರೆಗೆ ಮೊದಲಿನ ಕಂಪನಿಯ ಬಣ್ಣವನ್ನೇ ಮತ್ತೆ ಹೊಡೆಸಿ, ಬೇರೆ ಕಂಪನಿಯದು ಉಳಿದಿದ್ದನ್ನು ಕಾರ್ ಪೋರ್ಚಿನ ಪಕ್ಕದ ಗೋಡೆಗೆ ತಿರುಗಿಸಿದೆವು. ಹೊರಗೋಡೆ ಕೆಲವು ವರ್ಷ ಹಳೆಯದಾಗಿದ್ದರೆ ಅದೇ ಕಂಪನಿಯ ಅದೇ ನಂಬರ್ ತಂದರೂ ಪ್ಯಾಚ್ ಕಾಣುತ್ತದೆ. ಬಿಸಿಲಿಗೆ, ಮಳೆಗೆ ಹಳೆಯ ಬಣ್ಣದ ಮೇಲ್ಮೈ ಸುಣ್ಣದ ಹಾಗೆ ಬಿಳಿಚಿರುತ್ತದೆ. ಅಲ್ಲಿಯೂ ಮೂಲೆಯಿಂದ ಮೂಲೆಗೆ ಹೊಡೆಯುವುದೇ ದಾರಿ.

ಅಂಗಡಿಗೆ ಬರುವಾಗ ಹಳೆಯ ಡಬ್ಬಿಯ ಮುಚ್ಚಳ ತನ್ನಿ. ಸ್ಟಿಕರ್ ಮೇಲೆ ಕಂಪನಿ, ಪ್ರಾಡಕ್ಟ್, ಬೇಸ್, ಶೇಡ್ ನಂಬರ್ ಎಲ್ಲ ಇರುತ್ತದೆ. ಮುಚ್ಚಳ ಇಲ್ಲದಿದ್ದರೆ ಸ್ವಿಚ್ ಬೋರ್ಡ್ ಪ್ಲೇಟಿನ ಹಿಂದಿನಿಂದ ನಾಣ್ಯದಷ್ಟಗಲ ಚೂರು ಕಿತ್ತು ತಂದರೂ ಆದೀತು. ಮೊದಲು ಮೇನ್ ಆಫ್ ಮಾಡಿ. ಅಲ್ಲಿನ ಬಣ್ಣ ಬಿಸಿಲು, ಧೂಳು ಕಂಡಿರುವುದಿಲ್ಲ. ಗೋಡೆಯ ಈಗಿನ ಬಣ್ಣಕ್ಕೇ ಹೊಂದಿಸಬೇಕಿದ್ದರೆ ಮಾತ್ರ ಎದುರಿನ ಗೋಡೆಯಿಂದಲೇ ಸಪಾಟಾದ ಚೂರು ಬೇಕು. ಎರಡರಲ್ಲಿ ಯಾವುದು ಅಂತ ಮೊದಲೇ ಹೇಳಿ. ದೀಪಾವಳಿಗೆ ಮುಗಿಸಬೇಕೆಂದಿದ್ದರೆ ನರಕ ಚತುರ್ದಶಿಯ ಹಿಂದಿನ ದಿನ ಬರಬೇಡಿ. ಮಾದರಿ ಒಣಗಿಸಿ ನಿಮ್ಮ ಮನೆಯ ದೀಪದಲ್ಲಿ ನೋಡಲು ಒಂದು ರಾತ್ರಿಯಾದರೂ ಬೇಕು.