ಪ್ಯೂಜೊ 205 ಜಿಟಿಐ: ಹಿಂದಿನ ಚಕ್ರ ವಾಲುವುದೇಕೆ?

ಫ್ರಾನ್ಸಿನ ಪ್ಯೂಜೊ ಕಂಪನಿಯ ಪುಟ್ಟ, ಚುರುಕು ಕಾರು 205 ಜಿಟಿಐ. ಹಳೆಯದೊಂದನ್ನು ನೋಡಲು ಹೋದವರು ಬಾನೆಟ್ ಎತ್ತುವ ಮೊದಲು ಕಾರಿನ ಹಿಂದೆ ನಾಲ್ಕು ಹೆಜ್ಜೆ ದೂರ ನಿಂತು ಚಕ್ರಗಳನ್ನು ನೋಡಬೇಕು. ಅವುಗಳ ಮೇಲ್ತುದಿ ಒಳಕ್ಕೆ ವಾಲಿದ್ದರೆ ಹಿಂದಿನ ಆಕ್ಸಲ್ ಸವೆದಿದೆ.

ಇದರ ಬೇರು 1983ರ ಸಾಮಾನ್ಯ 205ರಲ್ಲೇ ಇದೆ. ಪುಟ್ಟ ಕಾರಿನ ಡಿಕ್ಕಿ ಅಗಲವಾಗಿರಲೆಂದು ಹಿಂದೆ ಕಾಯಿಲ್ ಸ್ಪ್ರಿಂಗ್ ಬಿಟ್ಟು, ಅಡ್ಡಲಾಗಿ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು, ಹಾಕಿದರು. ಶಾಕ್ ಅಬ್ಸಾರ್ಬರ್‌ಗಳೂ ಹೆಚ್ಚುಕಡಿಮೆ ಮಲಗಿಯೇ ಇವೆ. ಚಕ್ರ ಹೊತ್ತ ತೋಳಿನ ಶಾಫ್ಟು ಅಡ್ಡ ಕೊಳವೆಯೊಳಗೆ ನೀಡಲ್ ಬೇರಿಂಗ್‌ಗಳ (ಸೂಜಿಯಂಥ ಸಣ್ಣ ಉರುಳೆಗಳ ಬೇರಿಂಗ್) ಮೇಲೆ ತಿರುಗುತ್ತದೆ. ಜಾಣ ಏರ್ಪಾಡು. ಆದರೆ ಎಲ್ಲವೂ ತುದಿಯ ಒಂದು ರಬ್ಬರ್ ಸೀಲನ್ನು ನಂಬಿ ನಿಂತಿದೆ.

1984ರಲ್ಲಿ ಇದೇ ಕಾರಿಗೆ 1.6 ಲೀಟರಿನ 105 ಅಶ್ವಶಕ್ತಿಯ ಎಂಜಿನ್ ಕೂರಿಸಿ ಜಿಟಿಐ ಮಾಡಿದರು. 1986ರಲ್ಲಿ ಅದರ ಶಕ್ತಿ 115ಕ್ಕೇರಿತು. ಜೊತೆಗೇ 130 ಅಶ್ವಶಕ್ತಿಯ 1.9 ಲೀಟರಿನ ಮಾದರಿ ಬಂತು, ಅದಕ್ಕೆ 15 ಇಂಚಿನ ಚಕ್ರ, ಹಿಂದೆಯೂ ಡಿಸ್ಕ್ ಬ್ರೇಕ್. ಕಾರು ಹಗುರ, ಭಾರವೆಲ್ಲ ಮುಂದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ತೂಕ ಇನ್ನಷ್ಟು ಮುಂದಕ್ಕೆ ಹೋಗಿ, ಹಿಂಭಾಗ ಹಿಡಿತ ತಪ್ಪಿ ಬೀಸುತ್ತದೆ. ಈ ಗುಣವನ್ನು ಕೆಲವರು ಪ್ರೀತಿಸಿದರು, ಕೆಲವರು ಕಾರನ್ನು ಹಳ್ಳಕ್ಕೆ ಇಳಿಸಿದರು. ಸವೆದ ಆಕ್ಸಲ್ ಇದ್ದರಂತೂ ಈ ಬೀಸು ಯಾವಾಗ ಬರುತ್ತದೆಂದು ಊಹಿಸುವುದೇ ಕಷ್ಟ.

ಸೀಲ್ ಗಟ್ಟಿಯಾದರೆ ನೀರು ಒಳಗಿಳಿಯುತ್ತದೆ, ಗ್ರೀಸ್ ಕೆಡುತ್ತದೆ, ತುಕ್ಕು ಹಿಡಿದ ಬೇರಿಂಗ್ ಸೂಜಿಗಳು ಶಾಫ್ಟನ್ನೇ ಕೊರೆಯುತ್ತವೆ. ಶಾಫ್ಟು ಸಡಿಲಾಗಿ ಚಕ್ರ ವಾಲುತ್ತದೆ. ಮೊದಲ ಲಕ್ಷಣ ಕಿರುಗುಟ್ಟುವ ಸದ್ದು, ಕೊನೆಯದು ಟಯರ್ ಚಕ್ರದ ಗೂಡಿನ ಒಳಬದಿಗೆ ಉಜ್ಜುವುದು. ಸದ್ದಿನ ಹಂತದಲ್ಲೇ ಬಿಚ್ಚಿದರೆ ಬೇರಿಂಗ್, ಸೀಲ್‌ಗಳಲ್ಲೇ ಮುಗಿಯಬಹುದು. ಶಾಫ್ಟಿನಲ್ಲಿ ಗೀರು ಕಂಡರೆ ಅದನ್ನೂ ಬದಲಿಸಬೇಕು. ಗೀರುಬಿದ್ದ ಶಾಫ್ಟಿಗೆ ಹೊಸ ಬೇರಿಂಗ್ ಹಾಕುವುದು ದುಡ್ಡು ದಂಡ. ಬೇರಿಂಗ್ ಕೂರುವ ಜಾಗದಲ್ಲಿ ಕೊಳವೆಯೂ ತಿಂದುಹೋಗಿದ್ದರೆ ಇಡೀ ಆಕ್ಸಲೇ ಬೇಕು.

1990ರ ದಶಕದಲ್ಲಿ ಮುಂಬೈ ಬಳಿಯ ಕಲ್ಯಾಣದಲ್ಲಿ ತಯಾರಾದ ಪಿಎಎಲ್ (ಪ್ರೀಮಿಯರ್ ಆಟೊಮೊಬೈಲ್ಸ್)-ಪ್ಯೂಜೊ 309 ಕಾರಿನ ಹಿಂದೆಯೂ ಇದೇ ಬಗೆಯ ಏರ್ಪಾಡಿತ್ತು.

ಬಿಚ್ಚುವ ಮುನ್ನ ಟಾರ್ಷನ್ ಬಾರ್‌ಗಳಿಗೆ ಎಡ, ಬಲ ಎಂದು ಗುರುತು ಹಾಕಿ; ಅವನ್ನು ಅದಲುಬದಲು ಮಾಡುವಂತಿಲ್ಲ. ಬಾರ್‌ಗಳ ತುದಿಯ ಹಲ್ಲುಗಳು ತುಕ್ಕಿನಲ್ಲಿ ಕಚ್ಚಿಕೊಂಡಿರುತ್ತವೆ, ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಜೋಡಿಸುವಾಗ ಶಾಕ್ ಅಬ್ಸಾರ್ಬರ್ ಜಾಗದಲ್ಲಿ ಸರಿಯಾದ ಉದ್ದದ ಕಬ್ಬಿಣದ ಪಟ್ಟಿ ಬಿಗಿದು, ಆಮೇಲೆ ಬಾರ್ ಕೂರಿಸಬೇಕು. ಒಂದು ಹಲ್ಲು ತಪ್ಪಿದರೂ ಕಾರು ಒಂದು ಬದಿಗೆ ತಗ್ಗಿ ನಿಲ್ಲುತ್ತದೆ.